ಕೆಂಪು ಮಾತ್ರೆ, ಕಪ್ಪು ಮಗು ಮತ್ತು ಒಂದು ಪಾತ್ರೆ ಸಾರು

ನನ್ನ ಚಿಕ್ಕಪ್ಪನ ಮಗಳು ಈಗ ಏಳು ತಿಂಗಳ ಬಸುರಿ. ಹೋದ ವಾರ ಅವಳ ಮನೆಗೆ ಹೋಗಿದ್ದೆ. ಕಾಫಿಗೆ ಸಕ್ಕರೆ ಹುಡುಕುತ್ತಾ ಬೇಳೆ ಡಬ್ಬಿಯ ಹಿಂದೆ ಕೈ ಹಾಕಿದರೆ ಕೆಂಪು ಮಾತ್ರೆಯ ಸ್ಟ್ರಿಪ್‌ಗಳು ಸಿಕ್ಕವು. ಐದೋ ಆರೋ ಇದ್ದವು, ಒಂದನ್ನೂ ಒಡೆದಿರಲಿಲ್ಲ. ಆಶಾ ಕಾರ್ಯಕರ್ತೆ ಮನೆತನಕ ತಂದುಕೊಟ್ಟ ಕಬ್ಬಿಣದ ಮಾತ್ರೆಗಳು.

"ಏನೇ ಇದು?" ಅಂದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು, "ಅತ್ತೆ ಬೇಡ ಅಂದ್ರು ಕಣಣ್ಣ. ಅದನ್ನ ತಗೊಂಡ್ರೆ ಮಗು ಕಪ್ಪಾಗುತ್ತಂತೆ."

ತಾಯಿ ಕಾರ್ಡ್ ತೆಗೆದು ನೋಡಿದೆ. ಹಿಮೋಗ್ಲೋಬಿನ್, ಅಂದರೆ ಕೆಂಪು ಕಣಗಳೊಳಗಿನ, ಕಬ್ಬಿಣ ಇಲ್ಲದೆ ತಯಾರಾಗದ ವಸ್ತು, ಮೂರನೇ ತಿಂಗಳಲ್ಲಿ 11.4 ಇತ್ತು, ಈಗ 9.2. ಮನೆಯವರೆಲ್ಲ ಅದಕ್ಕೊಂದು ಕಾರಣ ಕಂಡುಕೊಂಡಿದ್ದರು: "ಬಸುರಿಗೆ ರಕ್ತ ಕಮ್ಮಿ ಆಗೋದು ಸಹಜ."

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ನನಗೆ ತಲೆ ಕೆಡೋದು ಆ ಅರ್ಧಕ್ಕೇ. ಯಾಕಂದ್ರೆ ಬಸುರಿ ಮೈಯಲ್ಲಿ ರಕ್ತ ಕಮ್ಮಿ ಆಗುವುದೇ ಇಲ್ಲ, ಜಾಸ್ತಿ ಆಗುತ್ತದೆ! ಅದೂ ಒಂದೂವರೆ ಲೀಟರಿನಷ್ಟು.

ಮನೆಗೆ ಹೇಳದೆ ಕೇಳದೆ ನಾಲ್ಕು ಜನ ನೆಂಟರು ಬಂದರು ಅಂದುಕೊಳ್ಳಿ. ಏನು ಮಾಡುತ್ತೀರಿ? ಸಾರಿಗೆ ಎರಡು ಲೋಟ ನೀರು ಬೆರೆಸಿ ಒಂದು ಚಿಟಿಕೆ ಉಪ್ಪು ಹಾಕುತ್ತೀರಿ. ಪಾತ್ರೆಯಲ್ಲಿರುವ ಒಟ್ಟು ಉಪ್ಪು ಮೊದಲಿಗಿಂತ ಜಾಸ್ತಿಯೇ ಆಯಿತು, ಆದರೆ ಬಾಯಿಗೆ ಹಾಕಿಕೊಂಡರೆ ಸಪ್ಪೆ. ಬಸುರಿ ಮೈ ಮಾಡುವುದೂ ಇದನ್ನೇ. ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ಹೆಚ್ಚುಕಮ್ಮಿ ಒಂದೂವರೆ ಪಟ್ಟಾಗುತ್ತದೆ. ಕೆಂಪು ಕಣಗಳೂ ಹೆಚ್ಚುತ್ತವೆ, ಆದರೆ ಕಾಲು ಭಾಗದ ಆಸುಪಾಸು ಮಾತ್ರ.

ಲೆಕ್ಕ ಹಾಕೋಣ. ಮೊದಲು ನಾಲ್ಕು ಲೀಟರ್ ರಕ್ತ, 100 ಮಿಲಿಗೆ 12 ಗ್ರಾಂ ಹಿಮೋಗ್ಲೋಬಿನ್. ಒಟ್ಟು 480 ಗ್ರಾಂ. ಎಂಟನೇ ತಿಂಗಳ ಹೊತ್ತಿಗೆ ರಕ್ತ ಐದೂವರೆ ಲೀಟರ್, ಹಿಮೋಗ್ಲೋಬಿನ್ 600 ಗ್ರಾಂ. ಈಗ 100 ಮಿಲಿಗೆ ಎಷ್ಟು ಬಂತು? 10.9. ಮೈಯಲ್ಲಿ 120 ಗ್ರಾಂ ಜಾಸ್ತಿ ಇದೆ, ರಿಪೋರ್ಟ್‌ನಲ್ಲಿ ಮಾತ್ರ ಒಂದು ಅಂಶ ಇಳಿದಿದೆ. ಡಾಕ್ಟರುಗಳು ಮಧ್ಯದ ಮೂರು ತಿಂಗಳಿಗೆ 10.5, ಉಳಿದಂತೆ 11 ಅಂತ ಗೆರೆ ಎಳೆದಿರುವುದು ಈ ನೀರನ್ನೂ ಲೆಕ್ಕಕ್ಕೆ ಹಿಡಿದೇ. ನಮ್ಮ ಹುಡುಗಿಯ 9.2 ಆ ಗೆರೆಗಿಂತ ಎಷ್ಟೋ ಕೆಳಗಿದೆ. ಅದು ನೀರಿನ ಆಟ ಅಲ್ಲ, ನಿಜವಾಗಿ ಉಪ್ಪೇ ಸಾಲದು.

ಇಷ್ಟು ನೀರು ಯಾಕೆ ಬೇಕು? ಕಸಕ್ಕೆ. ಹೆರಿಗೆ ಆದಮೇಲೆ ಹೊರಬೀಳುತ್ತಲ್ಲ, ಆ ಕಸ ಒಂಬತ್ತು ತಿಂಗಳು ಮಗುವಿಗೆ ಶ್ವಾಸಕೋಶ, ಕರುಳು, ಮೂತ್ರಪಿಂಡ ಎಲ್ಲ ಆಗಿ ದುಡಿದಿರುತ್ತದೆ. ಅದಕ್ಕೆ ಕಸ ಅಂತ ಹೆಸರಿಟ್ಟವರು ಯಾರೋ! ಅದರೊಳಗೆ ಮಗುವಿನ ರಕ್ತನಾಳಗಳು ಬೇರಿನ ಹಾಗೆ ಕವಲೊಡೆದು ಇಳಿಬಿದ್ದಿರುತ್ತವೆ, ತಾಯಿಯ ರಕ್ತ ಕಾರಂಜಿಯ ಹಾಗೆ ಚಿಮ್ಮಿ ಆ ಬೇರುಗಳನ್ನು ತೊಯ್ಯಿಸುತ್ತದೆ. ಎರಡೂ ರಕ್ತ ಬೆರೆಯುವುದಿಲ್ಲ, ನಡುವೆ ತೆಳು ಪೊರೆ ಇದೆ. ಕೊನೆಯ ತಿಂಗಳುಗಳಲ್ಲಿ ಇಲ್ಲಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೀರಿ ರಕ್ತ ಹರಿಯುತ್ತದೆ. ಗದ್ದೆಗೆ ನೀರು ಬಿಟ್ಟವರಿಗೆ ಗೊತ್ತು, ಕಾಲುವೆಯಲ್ಲಿ ಹೂಳು ಜಾಸ್ತಿ ಇದ್ದರೆ ಕೊನೆಯ ಮಡಿಗೆ ನೀರು ಮುಟ್ಟಲ್ಲ. ತೆಳು ರಕ್ತ ಸರಾಗವಾಗಿ ಹರಿಯುತ್ತದೆ. ಹೆರಿಗೆಯಲ್ಲಿ ಹೋಗುವ ರಕ್ತಕ್ಕೂ ಇದೇ ಮುಂಗಡ ಉಳಿತಾಯ.

ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ಸಂಜೆಗೆ ಕಾಲು ಊತ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ, ನೆಗಡಿ ಇಲ್ಲದೆ ಮೂಗು ಕಟ್ಟುವುದು, ಇವುಗಳಲ್ಲಿ ಹೆಚ್ಚಿನವಕ್ಕೆ ಈ ಹೆಚ್ಚುವರಿ ರಕ್ತದ್ದೂ ಒಂದು ಕೈ ಇದೆ. ಆದರೆ ಮುಖ, ಕೈ ಏಕಾಏಕಿ ಊದಿದರೆ, ಬಿಡದ ತಲೆನೋವು ಬಂದರೆ, ಕಣ್ಣು ಮಂಜಾದರೆ ಬಿಪಿ ಏರಿರಬಹುದು, ಆವತ್ತೇ ಆಸ್ಪತ್ರೆಗೆ ಹೋಗಬೇಕು. ಮಗುವಿನ ಒದೆತ ಕಮ್ಮಿ ಆದರೂ ಅಷ್ಟೇ. "ಒಳಗೆ ಜಾಗ ಇಲ್ಲ, ಅದಕ್ಕೇ ಸುಮ್ನಿದೆ" ಅನ್ನುವುದು ಅಪಾಯದ ಮಾತು. ದಿನ ತುಂಬಿದ ಮಗುವೂ ಆಡುತ್ತಲೇ ಇರುತ್ತದೆ.

ಮಗು 28ನೇ ವಾರಕ್ಕೆ ಸುಮಾರು ಒಂದು ಕೆಜಿ ಇರುತ್ತದೆ. ಅಷ್ಟರಲ್ಲಿ ಕಣ್ಣು ತೆರೆಯುತ್ತದೆ, ಅಮ್ಮನ ದನಿ ಕೇಳಿಸಿಕೊಳ್ಳುತ್ತದೆ. ಹುಟ್ಟುವ ಹೊತ್ತಿಗೆ ಮೂರು ಕೆಜಿಯ ಹತ್ತಿರ. ಅದು ಕಬ್ಬಿಣದ ದಾಸ್ತಾನು ಮಾಡಿಕೊಳ್ಳುವುದು ಮುಖ್ಯವಾಗಿ ಈ ಕೊನೆಯ ಮೂರು ತಿಂಗಳಲ್ಲೇ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಕಮ್ಮಿ, ಹಾಗಾಗಿ ಹುಟ್ಟಿದ ಮೊದಲ ಆರು ತಿಂಗಳು ಈ ಬುತ್ತಿಯಲ್ಲೇ ಕಳೆಯಬೇಕು. ಅಮ್ಮನ ಹತ್ತಿರ ಕಮ್ಮಿ ಇದ್ದರೂ ಕಸ ತನ್ನ ಪಾಲನ್ನು ಮೊದಲು ಎತ್ತಿಕೊಳ್ಳುತ್ತದೆ. ಅಮ್ಮನದು ಪೂರ್ತಿ ಬರಿದಾದರೆ ಬುತ್ತಿಯೂ ಚಿಕ್ಕದಾಗುತ್ತದೆ. ಇಡೀ ಬಸುರಿಗೆ ಬೇಕಾಗುವ ಕಬ್ಬಿಣ ಒಂದು ಗ್ರಾಂ ಅಷ್ಟೇ, ಆದರೆ ಬರೀ ಊಟದಲ್ಲಿ ಅದನ್ನು ಕೂಡಿಸುವುದು ನಮ್ಮ ಅನ್ನ ಸಾರಿಗೆ ಆಗದ ಕೆಲಸ. ನಮ್ಮ ದೇಶದಲ್ಲಿ 2019–21ರ ಸಮೀಕ್ಷೆಯಲ್ಲಿ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ರಕ್ತಹೀನತೆ ಇತ್ತು.

ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ ಫೋಲಿಕ್ ಆಮ್ಲವೂ ಇದೆ. ಈ ಫೋಲಿಕ್ ಆಮ್ಲದ ಕಥೆ ಶುರುವಾದದ್ದು ನಮ್ಮ ಮುಂಬೈಯಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದರು. ಬಟ್ಟೆ ಗಿರಣಿಯ ಬಡ ಬಸುರಿಯರಿಗೆ ಒಂದು ವಿಚಿತ್ರ ರಕ್ತಹೀನತೆ ಬರುತ್ತಿತ್ತು. ಕೆಂಪು ಕಣಗಳು ಸಂಖ್ಯೆಯಲ್ಲಿ ಕಮ್ಮಿ, ಗಾತ್ರದಲ್ಲಿ ದೊಡ್ಡವು. ಸೋಂಕು ಇರಬಹುದೇ ಅಂತ ಹುಡುಕಿದರು, ಸಿಗಲಿಲ್ಲ. ಇಲಿ, ಮಂಗಗಳ ಊಟ ಬದಲಾಯಿಸಿ ನೋಡಿದರು. ಕೊನೆಗೆ ಕೆಲಸ ಮಾಡಿದ್ದು ಮಾರ್ಮೈಟ್! ಬಿಯರ್ ಮಾಡಿ ಉಳಿದ ಯೀಸ್ಟಿನಿಂದ ಮಾಡುವ, ಬ್ರೆಡ್ಡಿಗೆ ಹಚ್ಚುವ ಕರೀ ಲೇಹ್ಯ. ಅದನ್ನು ತಿಂದ ಬಸುರಿಯರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಅದರೊಳಗಿನ ವಸ್ತು ಏನೆಂದು ಯಾರಿಗೂ ಗೊತ್ತಿರಲಿಲ್ಲ, ಸುಮ್ನೆ 'ವಿಲ್ಸ್ ಅಂಶ' ಅನ್ನುತ್ತಿದ್ದರು. 1941ರಲ್ಲಿ ಟನ್‌ಗಟ್ಟಲೆ ಪಾಲಕ್ ಸೊಪ್ಪನ್ನು ಬಸಿದು ಫೋಲಿಕ್ ಆಮ್ಲವನ್ನು ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಫೋಲಿಯಂ ಅಂದರೆ ಎಲೆ. ಕರೀ ಲೇಹ್ಯ ತಿಂದ ಗಿರಣಿಯ ಹೆಂಗಸರಿಗೆ ಮಗು ಕಪ್ಪಾಗುತ್ತದೆ ಅಂತ ಯಾರೂ ಹೇಳಲಿಲ್ಲವೇನೋ.

ಕಪ್ಪಿನ ಭಯ ಎಲ್ಲಿಂದ ಬಂತು? ನನ್ನ ಊಹೆ ಇಷ್ಟು. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಕಣ್ಣಿಗೇ ಕಾಣುತ್ತದೆ. ಹೊಟ್ಟೆಯೊಳಗೆ ಹೋದದ್ದು ಕಪ್ಪಾಯಿತು, ಮಗುವೂ ಹೊಟ್ಟೆಯೊಳಗೇ ಇದೆ, ಸೇರಿಸಿಬಿಟ್ಟರು. ಮೈ ಹೀರಿಕೊಳ್ಳದೆ ಬಿಟ್ಟ ಕಬ್ಬಿಣ ಕರುಳಲ್ಲಿ ಕಪ್ಪಾಗಿ ಆಚೆ ಹೋಗುತ್ತದೆ ಅಷ್ಟೇ. ಮಗುವಿನ ಬಣ್ಣವನ್ನು ಅಪ್ಪ ಅಮ್ಮನ ವಂಶವಾಹಿಗಳು ಎಂದೋ ತೀರ್ಮಾನಿಸಿ ಆಗಿದೆ. ಕೇಸರಿಯೂ ಅಷ್ಟೇ, ಹಾಲನ್ನು ಹಳದಿ ಮಾಡುತ್ತದೆ, ಮಗುವನ್ನಲ್ಲ.

ಅತ್ತೆಯ ಹತ್ತಿರ ಕೂತು ಸಾರಿನ ಲೆಕ್ಕ ಹೇಳಿದೆ. ಅವರು ಕೊನೆತನಕ ಕೇಳಿ, "ಹಂಗಾದ್ರೆ ರಾತ್ರಿ ಕೇಸರಿ ಹಾಲಿನ ಜೊತೇಲೇ ಕೊಟ್ಬಿಡ್ತೀನಿ ಬಿಡಪ್ಪ" ಅಂದರು. ಅಯ್ಯೋ, ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಬಿಡಲ್ಲ, ಕಾಫಿ ಟೀ ಕೂಡ ಅದೇ ಜಾತಿ ಅಂತ ಮತ್ತೆ ಕೂರಿಸಿಕೊಂಡೆ. ಈಗ ಡಾಕ್ಟರು ದಿನಕ್ಕೆ ಎರಡು ಮಾತ್ರೆ ಮಾಡಿದ್ದಾರೆ. ಅವಳು ಎರಡನ್ನೂ ನಿಂಬೆ ಪಾನಕದ ಜೊತೆ ನುಂಗುತ್ತಾಳೆ, ಒಂದು ಹನ್ನೊಂದು ಗಂಟೆಗೆ, ಇನ್ನೊಂದು ಮಲಗುವಾಗ. ಕೇಸರಿ ಹಾಲು ಬೆಳಗ್ಗೆ ಏಳು ಗಂಟೆಗೆ ಹೋಗಿದೆ. ನಿಲ್ಲಿಸಿಲ್ಲ.