ಅರಿಸ್ಟೊಫೆನೀಸನ ‘ನೈಟ್ಸ್’ ಮತ್ತು ಇಂದಿನ ಪಾಪ್ಯುಲಿಸ್ಟ್ ಪ್ರಚಾರ: ಟಿಪ್ಪಣಿ

ಗ್ರೀಕ್ ನಾಟಕಕಾರ ಅರಿಸ್ಟೊಫೆನೀಸನ ‘ನೈಟ್ಸ್’ ಕ್ರಿ.ಪೂ. 424ರಲ್ಲಿ ಅಥೆನ್ಸಿನ ಲೆನೈಯಾ ಎಂಬ ನಾಟಕಗಳ ಹಬ್ಬದಲ್ಲಿ ಮೊದಲ ಬಹುಮಾನ ಗೆದ್ದ ಪ್ರಹಸನ. ಅದನ್ನು ಇಂದಿನ ಪಾಪ್ಯುಲಿಸ್ಟ್ (ಜನರನ್ನು ಮೆಚ್ಚಿಸಿ ಗೆಲ್ಲುವ) ಪ್ರಚಾರಕ್ಕೆ ಹೋಲಿಸಿ ಬರೆಯುವವರಿಗೆ ಈ ಟಿಪ್ಪಣಿ. ಮುದಿ ಯಜಮಾನ ಡೆಮೋಸ್ ಎಂದರೆ ಅಥೆನ್ಸಿನ ಜನತೆ. ಅವನನ್ನು ಬುಟ್ಟಿಗೆ ಹಾಕಿಕೊಂಡಿರುವ ಪ್ಯಾಫ್ಲಗೋನಿಯನ್ (ಏಷ್ಯಾ ಮೈನರಿನ ಪ್ಯಾಫ್ಲಗೋನಿಯಾ ಕಡೆಯ) ಆಳು ಎಂದರೆ ಅಂದಿನ ಪ್ರಬಲ ರಾಜಕಾರಣಿ ಕ್ಲಿಯಾನ್. ಅವನನ್ನು ಹೊರದಬ್ಬಲು ಉಳಿದ ಆಳುಗಳು ಒಬ್ಬ ಸಾಸೇಜ್ ಮಾರುವವನನ್ನು ಕಣಕ್ಕಿಳಿಸುತ್ತಾರೆ. ಅವನ ಅರ್ಹತೆ: ಒರಟು ದನಿ, ಕೀಳು ಹುಟ್ಟು, ಸಂತೆಯ ಬಾಯಿ. ಸ್ವಲ್ಪ ಓದು ಬರುತ್ತದೆ ಎಂಬುದೊಂದೇ ಕೊರತೆ.

ಅಗ್ಗದ ಮೀನು

ಅಥೆನ್ಸಿನ ಆಡಳಿತ ಮಂಡಳಿಯಾದ ಕೌನ್ಸಿಲ್ ಸಭೆಗೆ ನುಗ್ಗಿ ಸಾಸೇಜಿನವನು ಕೂಗುವ ಸುದ್ದಿ: ಸ್ಪಾರ್ಟಾದೊಡನೆ ಯುದ್ಧ ಶುರುವಾದ ಮೇಲೆ ಸಣ್ಣ ಮೀನು ಇಷ್ಟು ಅಗ್ಗವಾಗಿದ್ದೇ ಇಲ್ಲ! ಪ್ಯಾಫ್ಲಗೋನಿಯನ್ ದೇವಿಗೆ 100 ಎತ್ತುಗಳ ಬಲಿ ಎಂದರೆ ಇವನು 200 ಎನ್ನುತ್ತಾನೆ. ಕೊನೆಗೆ ಸ್ಪಾರ್ಟಾದಿಂದ ಸಂಧಿಯ ದೂತ ಬಂದಿದ್ದಾನೆ ಎಂದು ಎದುರಾಳಿ ಹೇಳಿದಾಗ, ಮೀನು ಅಗ್ಗವಾಗಿರುವಾಗ ಸಂಧಿ ಯಾಕೆ, ಯುದ್ಧ ನಡೆಯಲಿ ಎಂದು ಸದಸ್ಯರು ಮಾರುಕಟ್ಟೆಗೆ ಓಡುತ್ತಾರೆ. ಅಷ್ಟರಲ್ಲಿ ಇವನು ಅಲ್ಲಿನ ಕೊತ್ತಂಬರಿಯನ್ನೆಲ್ಲ ಕೊಂಡಿಟ್ಟು ಪುಕ್ಕಟೆ ಹಂಚುತ್ತಾನೆ. ಒಂದು ಓಬಲ್‌ನ (ಚಿಲ್ಲರೆ ನಾಣ್ಯದ) ಕೊತ್ತಂಬರಿಗೆ ಇಡೀ ಕೌನ್ಸಿಲ್ ಅವನದಾಯಿತು. ಇಲ್ಲಿ ನೋಡಬೇಕಾದದ್ದು ಕೊಡುಗೆಯ ಗಾತ್ರವನ್ನಲ್ಲ, ಸಮಯವನ್ನು. ದೊಡ್ಡ ಪ್ರಶ್ನೆ ಬಾಗಿಲಿಗೆ ಬಂದ ಗಳಿಗೆಯಲ್ಲೇ ಸಣ್ಣ ಲಾಭ ಕೈಗೆ ಬರುತ್ತದೆ.

ಡೆಮೋಸ್ ಪೆದ್ದನೋ, ಪೆದ್ದನ ವೇಷವೋ?

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ನೋಡೋಣ. ಹೊಗಳಿಕೆಗೆ ಉಬ್ಬುವ ಮುದುಕನನ್ನು ಕಂಡು ‘ಜನ ದಡ್ಡರು’ ಎಂಬುದೇ ನಾಟಕದ ನಿಲುವು ಎಂದು ಬರೆದುಬಿಡುತ್ತೇವೆ. 1111ನೇ ಸಾಲಿನಿಂದ ಶುರುವಾಗುವ ಹಾಡು ಅದಕ್ಕೆ ಅಡ್ಡ ಬರುತ್ತದೆ. ಯಾರು ಬೇಕಾದರೂ ನಿನ್ನ ದಾರಿ ತಪ್ಪಿಸಬಹುದು ಎಂದು ಮೇಳ ಛೇಡಿಸಿದರೆ, ಬೇಕೆಂದೇ ಹೀಗಿದ್ದೇನೆ ಎನ್ನುತ್ತಾನೆ ಡೆಮೋಸ್. ದಿನದ ಊಟಕ್ಕಾಗಿ ಒಬ್ಬ ಕಳ್ಳ ಮುಂದಾಳನ್ನು ಸಾಕುತ್ತಾನಂತೆ, ಕೊಬ್ಬಿದ ಮೇಲೆ ಹೊಡೆದು ಕೆಡವುತ್ತಾನಂತೆ. ನ್ಯಾಯಾಲಯದಲ್ಲಿ ತೀರ್ಪಿನ ಮತ ಹಾಕುವ ಪಾತ್ರೆಯ ಆಲಿಕೆಯನ್ನೇ ಗಂಟಲಿಗಿಳಿಸಿ, ಕದ್ದದ್ದನ್ನು ಕಕ್ಕಿಸುತ್ತಾನಂತೆ.

ಹಾಗಾದರೆ ಅವನು ಜಾಣ ಎಂದು ನಿಲ್ಲಿಸಿದರೂ ತಪ್ಪು. ಹಾಡು ಅವನ ಹೇಳಿಕೆಯಷ್ಟೇ. ಅದನ್ನು ಮುಂದಿನ ನಡೆಗೆ ಒರೆಹಚ್ಚಬೇಕು. ಸುಮಾರು 100 ಸಾಲುಗಳಾಚೆ, ಡೆಮೋಸ್‌ಗೆ ಉಣಬಡಿಸಲು ಪೈಪೋಟಿಗೆ ಬಿದ್ದ ಇಬ್ಬರು ಎದುರಾಳಿಗಳ ತಿನಿಸಿನ ಬುಟ್ಟಿಗಳನ್ನೂ ತೆರೆಯುತ್ತಾರೆ. ಸಾಸೇಜಿನವನದು ಖಾಲಿ. ಪ್ಯಾಫ್ಲಗೋನಿಯನ್ ಬುಟ್ಟಿ ತುಂಬಿದೆ. ಡೆಮೋಸ್‌ಗೆ ಒಂದು ಚೂರು ಕೊಟ್ಟು ಬಚ್ಚಿಟ್ಟ ದೊಡ್ಡ ರೊಟ್ಟಿಯೂ ಅದರಲ್ಲಿದೆ. ಡೆಮೋಸ್ ಸಿಡಿದೇಳುತ್ತಾನೆ. ಆಳಿನ ಉತ್ತರ: ಕದ್ದದ್ದು ನಗರದ ಒಳಿತಿಗಾಗಿ! ಎಲ್ಲ ಬಲ್ಲವನಾಗಿದ್ದರೆ ಡೆಮೋಸ್ ಬೆಚ್ಚಬೇಕಿರಲಿಲ್ಲ. ಅವನಿಗೆ ಮುಂದಾಳುಗಳು ಕದಿಯುತ್ತಾರೆ ಎಂಬುದು ಗೊತ್ತು, ಎಷ್ಟು ಕದ್ದರು ಎಂಬುದು ಗೊತ್ತಿಲ್ಲ. ‘ಎಲ್ಲರೂ ತಿನ್ನುವವರೇ, ಇವನು ನಮಗೂ ಕೊಡುತ್ತಾನೆ’ ಎನ್ನುವ ಮತದಾರ ನಿಂತಿರುವುದೂ ಇದೇ ಜಾಗದಲ್ಲಿ. ನನ್ನ ಮಟ್ಟಿಗೆ ಇಡೀ ನಾಟಕದ ಬೀಗದ ಕೈ ಇದು.

ಬುಟ್ಟಿಯ ಪರೀಕ್ಷೆಯನ್ನು ಇಂದಿನ ಘೋಷಣೆಗೂ ಹಚ್ಚಬಹುದು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕು ಎಂದ 2016ರ ಬ್ರೆಕ್ಸಿಟ್ ಪ್ರಚಾರದ ಕೆಂಪು ಬಸ್ಸಿನ ಮೇಲೆ, ವಾರಕ್ಕೆ 35 ಕೋಟಿ ಪೌಂಡ್ ಐರೋಪ್ಯ ಒಕ್ಕೂಟಕ್ಕೆ ಹೋಗುತ್ತಿದೆ ಎಂದಿತ್ತು. ಬ್ರಿಟನ್ನಿಗೆ ಇದ್ದ ರಿಯಾಯಿತಿಯನ್ನೂ ಒಕ್ಕೂಟದಿಂದ ಮರಳಿ ಬರುತ್ತಿದ್ದ ಹಣವನ್ನೂ ಅದರಲ್ಲಿ ಕಳೆದಿರಲಿಲ್ಲ. ಚೂರನ್ನು ತೋರಿಸಿದಾಗಲೂ ಇಡಿಯನ್ನು ತೋರಿಸಿದಾಗಲೂ ಕೇಳಬೇಕಾದದ್ದು ಒಂದೇ: ಬುಟ್ಟಿಯಲ್ಲಿ ನಿಜಕ್ಕೂ ಎಷ್ಟಿದೆ?

ವಿಡಂಬನೆ ಗೆದ್ದರೂ ಕ್ಲಿಯಾನ್ ಸೋಲಲಿಲ್ಲ

ಬಹುಮಾನ ಕೊಟ್ಟ ಅದೇ ಅಥೆನ್ಸ್ ಅದೇ ವರ್ಷ ಕ್ಲಿಯಾನನನ್ನು ಸೇನಾಪತಿಯಾಗಿ ಚುನಾಯಿಸಿತು. ಡೆಮೋಸ್‌ನ ಹಾಡಿನ ಬೆಳಕಿನಲ್ಲಿ ಇದು ವಿರೋಧಾಭಾಸವಲ್ಲ: ಕಳ್ಳನೆಂದು ನಗುವುದೂ ಅವನನ್ನೇ ಸಾಕುವುದೂ ಒಟ್ಟಿಗೇ ಸಾಧ್ಯ. ನಗಿಸುವವರೇ ಕಣಕ್ಕಿಳಿದ ಉದಾಹರಣೆಗಳೂ ಇವೆ. ಇಟಲಿಯ ಹಾಸ್ಯನಟ ಬೆಪ್ಪೆ ಗ್ರಿಲ್ಲೊ ಕಟ್ಟಿದ ಚಳವಳಿ 2013ರಲ್ಲಿ ಸುಮಾರು 25% ಮತ ಪಡೆಯಿತು. ಟಿವಿಯಲ್ಲಿ ಅಧ್ಯಕ್ಷನ ಪಾತ್ರ ಮಾಡಿದ ಝೆಲೆನ್‌ಸ್ಕಿ 2019ರಲ್ಲಿ ಉಕ್ರೇನಿನ ಅಧ್ಯಕ್ಷರೇ ಆದರು.

ಹೋಲಿಕೆಯ ಮಿತಿಯನ್ನೂ ಬರೆಯಿರಿ. ಅಥೆನ್ಸಿನಲ್ಲಿ ಪಕ್ಷಗಳಿರಲಿಲ್ಲ, ಪ್ರಣಾಳಿಕೆಯೂ ಇರಲಿಲ್ಲ. ಯುದ್ಧ ಬೇಕೇ ಬೇಡವೇ ಎಂಬುದಕ್ಕೂ ನಾಗರಿಕರೇ ಸಭೆಯಲ್ಲಿ ಕೈ ಎತ್ತುತ್ತಿದ್ದರು. ಹೀಗಾಗಿ ಅಲ್ಲಿನ ಪ್ರಚಾರಕ್ಕೆ ಋತುವಿರಲಿಲ್ಲ, ವರ್ಷವಿಡೀ ನಡೆಯುತ್ತಿತ್ತು. ಅದಕ್ಕೆ ಪ್ರಣಾಳಿಕೆಗಿಂತ ಇಂದಿನ ರ‍್ಯಾಲಿ ಮತ್ತು ಸಾಮಾಜಿಕ ಜಾಲತಾಣದ ಪೋಸ್ಟುಗಳೇ ಸರಿಯಾದ ಜೋಡಿ.