ಕುದುರೆಮುಖದ ಇಳಿಜಾರಿಗೆ ತೊಡೆ ತಯಾರಿದೆಯೇ?

ಶಿವಮೊಗ್ಗದ ಸಮತಟ್ಟು ರಸ್ತೆಯಲ್ಲಿ 21 ಕಿ.ಮೀ.ಯನ್ನು ಎರಡು ಗಂಟೆಯೊಳಗೆ ಮುಗಿಸುವವರೂ ಕುದುರೆಮುಖ ಹತ್ತಿಳಿದು ಬಂದ ಮರುದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುತ್ತಾರೆ. ಮೆಟ್ಟಿಲು ಹತ್ತುವಾಗ ಅಷ್ಟಾಗಿ ತೊಂದರೆಯಿಲ್ಲ, ಇಳಿಯುವಾಗಲೇ ಪ್ರಾಣ ಹೋದಂತಾಗುತ್ತದೆ. ಏರುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರವನ್ನು ತಡೆದು ಹಿಡಿಯಬೇಕು. ಆಗ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ, ನೋವು 24ರಿಂದ 72 ಗಂಟೆಯೊಳಗೆ ಏರುತ್ತದೆ. ನೋವು ನಾಲ್ಕು ದಿನದಲ್ಲಿ ಹೋದೀತು. ಆದರೆ ಸ್ನಾಯು ಸೋಲುವುದು ಬೆಟ್ಟದ ಮೇಲಿರುವಾಗಲೇ. ಕೊನೆಯ ಮೂರು ನಾಲ್ಕು ಕಿ.ಮೀ.ಗಳಲ್ಲಿ ಮಂಡಿ ನಡುಗುತ್ತದೆ, ಪಾದ ಎಂದಿನಷ್ಟು ಮೇಲೇಳುವುದಿಲ್ಲ, ಬೆರಳು ಬೇರಿಗೆ ತಾಗುತ್ತದೆ. ಗುಡ್ಡದ ಓಟದಲ್ಲಿ ಕಣಕಾಲು ಉಳುಕುವುದು, ಮುಗ್ಗರಿಸಿ ಮುಂಗೈ ಮುರಿದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ದೂರದ ಲೆಕ್ಕವನ್ನು ಮೊದಲು ಸರಿಮಾಡಿಕೊಳ್ಳಬೇಕು. ಬೆಟ್ಟದ ಓಟದಲ್ಲಿ ಬಳಕೆಯಲ್ಲಿರುವ ಸರಳ ಸೂತ್ರವೊಂದಿದೆ: ಪ್ರತಿ 100 ಮೀಟರ್ ಏರಿಗೆ ಒಂದು ಕಿ.ಮೀ. ಸೇರಿಸಿ. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀ. ತಪ್ಪಲಿನ ಮುಳ್ಳೋಡಿ ಹಳ್ಳಿಯಿಂದ ಹೋಗಿಬರುವ ದಾರಿ ಹೆಚ್ಚುಕಡಿಮೆ 20 ಕಿ.ಮೀ., ಏರು ಸಾವಿರ ಮೀಟರಿನ ಆಸುಪಾಸು. ಅಂದರೆ ದೇಹಕ್ಕೆ ಅದು ಬಯಲಿನ 30 ಕಿ.ಮೀ. ಈ ಸೂತ್ರದಲ್ಲಿ ಇಳಿಜಾರಿನ ಏಟು ಸೇರಿಲ್ಲ, ಹಾಗಾಗಿ ವಾರಾಂತ್ಯದ ಉದ್ದ ಓಟ 15 ಕಿ.ಮೀ. ದಾಟದವರಿಗೆ ಈ ದಾರಿ ಈ ವರ್ಷಕ್ಕಲ್ಲ.

ಇನ್ನೊಂದು ವಿಷಯ ಖಚಿತವಾಗಿ ತಿಳಿದಿರಲಿ. ಕುದುರೆಮುಖ 1987ರಲ್ಲಿ ಘೋಷಣೆಯಾದ, ಸುಮಾರು 600 ಚ.ಕಿ.ಮೀ. ವಿಸ್ತಾರದ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ, ಜೊತೆಗೊಬ್ಬ ಗೈಡ್, ಕತ್ತಲಾಗುವ ಮೊದಲು ಕೆಳಗಿಳಿಯುವುದು, ಇವೆಲ್ಲ ಓಟಗಾರನಿಗೂ ಅನ್ವಯಿಸುತ್ತವೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಹಳ್ಳ ಉಕ್ಕುವುದಕ್ಕೆ ದಾರಿ ಮುಚ್ಚುವುದುಂಟು. ಹೊರಡುವ ವಾರ ಇನ್ನೊಮ್ಮೆ ವಿಚಾರಿಸಿಕೊಳ್ಳಿ. ಗೈಡ್‌ನನ್ನು ಹಿಂದೆ ಬಿಟ್ಟು ಓಡುವುದು ತಪ್ಪು, ಅಪಾಯವೂ ಹೌದು. ಇಲ್ಲಿನ ಹುಲ್ಲುಬೆಟ್ಟ ಮತ್ತು ಕಣಿವೆಯ ಶೋಲಾ ಕಾಡಿನ ಅಂಚಿನಲ್ಲಿ ಕಾಟಿಗಳು (ಕಾಡುಕೋಣ) ಮೇಯುತ್ತಿರುತ್ತವೆ. ನಡೆದು ಬರುವವರ ಸದ್ದು ಅವಕ್ಕೆ ದೂರದಿಂದಲೇ ಗೊತ್ತಾಗುತ್ತದೆ, ತಿರುವಿನಲ್ಲಿ ಓಡಿ ಎದುರಾದವನನ್ನು ಕಂಡರೆ ಗಾಬರಿಯಾಗುತ್ತವೆ. ಮರೆಯಿರುವ ತಿರುವಿಗೆ ಮುಂಚೆ ವೇಗ ತಗ್ಗಿಸಿ ಮಾತಾಡಿ, ಇಲ್ಲವೇ ಚಪ್ಪಾಳೆ ತಟ್ಟಿ. ಕಾಟಿ ಕಂಡರೆ ನಿಂತು, ಮೆಲ್ಲಗೆ ಹಿಂದೆ ಸರಿದು, ಅದು ದಾರಿ ಬಿಡುವ ತನಕ ಕಾಯಿರಿ. ಒಟ್ಟಿನಲ್ಲಿ ಉದ್ಯಾನದೊಳಗೆ ಚುರುಕಾಗಿ ಹತ್ತುವುದು, ದಾರಿ ತೆರೆದಿದ್ದಲ್ಲಿ ಹಗುರಾಗಿ ಓಡುವುದು, ಇಷ್ಟೇ ಸರಿ. ಗಡಿಯಾರದ ಜೊತೆ ಪೈಪೋಟಿಗೆ ಅದು ಜಾಗವಲ್ಲ.

ಹಾಗಾದರೆ ತಯಾರಿ ಎಲ್ಲಿ? ತೀರ್ಥಹಳ್ಳಿ–ಆಗುಂಬೆ ರಸ್ತೆಯಿಂದ ಒಳಹೊಕ್ಕರೆ ಸಿಗುವ ಕುಂದಾದ್ರಿಯ ಡಾಂಬರು ದಾರಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಬೆಟ್ಟ 826 ಮೀ. ಎತ್ತರದ್ದು, ಬಸದಿಯ ತನಕ ರಸ್ತೆಯಿದೆ. ನೆಲ ಸಮನಾಗಿರುವುದರಿಂದ ಕಾಲು ಎಲ್ಲಿಡಬೇಕೆಂಬ ಚಿಂತೆಯಿಲ್ಲ, ಮೈಭಾರ ತಡೆಯುವುದನ್ನಷ್ಟೇ ಕಲಿಯಬಹುದು. ಬೆಳಗ್ಗೆ ವಾಹನ ಬರುವ ಮುಂಚೆ ಮುಗಿಸಬೇಕು. ಮೊದಲ ವಾರ ಒಂದೊಂದು ನಿಮಿಷದ ಆರು ಇಳಿತ ಸಾಕು, ನಡುವೆ ನಡೆದೇ ಹತ್ತಿ. ವಾರಕ್ಕೆ ಒಂದೇ ಸಲದಂತೆ ಎಂಟು ವಾರದಲ್ಲಿ ಒಟ್ಟು ಇಳಿತವನ್ನು 20–25 ನಿಮಿಷಕ್ಕೆ ತನ್ನಿ. ಒಮ್ಮೆ ಇಳಿಜಾರಿನ ಏಟು ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರ ಅದೇ ಏಟನ್ನು ಹೆಚ್ಚು ನೋವಿಲ್ಲದೆ ತಾಳುತ್ತದೆ, ಇಡೀ ತಯಾರಿ ನಿಂತಿರುವುದು ಈ ಗುಣದ ಮೇಲೆ. ಕೊನೆಯ ಗಟ್ಟಿ ಇಳಿತ ಕುದುರೆಮುಖಕ್ಕಿಂತ 10–14 ದಿನ ಮುಂಚೆ ಇರಲಿ. ಹಿಂದಿನ ವಾರವೇ ಮಾಡಿದರೆ ದಣಿದ ತೊಡೆಯಲ್ಲೇ ಹೊರಟಂತಾಗುತ್ತದೆ.

ಬೆಟ್ಟಕ್ಕೆ ಹೋಗಲಾಗದ ದಿನಗಳಲ್ಲಿ 20 ಸೆಂ.ಮೀ. ಎತ್ತರದ ಮೆಟ್ಟಿಲೊಂದಿದ್ದರೆ ಆಯಿತು. ಒಂದು ಕಾಲಲ್ಲಿ ಮೆಟ್ಟಿಲ ಮೇಲೆ ನಿಂತು, ಇನ್ನೊಂದರ ಹಿಮ್ಮಡಿಯನ್ನು ಮೂರು ಸೆಕೆಂಡು ತೆಗೆದುಕೊಂಡು ಕೆಳಗೆ ಮುಟ್ಟಿಸಿ ಮೇಲೆ ಬನ್ನಿ. ಕಾಲಿಗೆ ಹತ್ತರಂತೆ ಮೂರು ಸುತ್ತು, ವಾರಕ್ಕೆರಡು ಸಲ. ಮಂಡಿ ಒಳಗಡೆಗೆ ವಾಲುತ್ತಿದ್ದರೆ ಸೊಂಟದ ಪಕ್ಕದ ಸ್ನಾಯು ಸಾಲದೆಂದು ಅರ್ಥ. ಅದು ನೆಟ್ಟಗಾಗುವ ತನಕ ಮೆಟ್ಟಿಲ ಎತ್ತರ ಹೆಚ್ಚಿಸಬೇಡಿ.

ಎರಡನೇ ಹಂತಕ್ಕೆ ಕೊಡಚಾದ್ರಿ, 1,343 ಮೀ. ಇದು ಮೂಕಾಂಬಿಕಾ ವನ್ಯಜೀವಿ ಧಾಮದ ವ್ಯಾಪ್ತಿಯದ್ದಾದ್ದರಿಂದ ಇಲ್ಲಿಯೂ ಇಲಾಖೆಯ ಅನುಮತಿ ಮೊದಲು. ಹಿಡ್ಲುಮನೆ ಅಬ್ಬಿಯ ಕಡೆಯಿಂದ ಹತ್ತಿ ಜೀಪು ದಾರಿಯಲ್ಲಿ ಇಳಿಯಿರಿ, ತಿರುಗಾಮುರುಗಾ ಮಾಡಬೇಡಿ. ಅಬ್ಬಿಯ ಪಕ್ಕದ ಬಂಡೆಗಳಿಗೆ ಹಾವಸೆ ಕಟ್ಟಿರುತ್ತದೆ. ಹತ್ತುವಾಗ ಕೈ ಊರಿ ದಾಟಬಹುದಾದ ಜಾಗವೇ ದಣಿದ ಕಾಲಲ್ಲಿ ಇಳಿಯುವಾಗ ಜಾರುಬಂಡೆಯಾಗುತ್ತದೆ. ಜೀಪು ದಾರಿ ಅಗಲವಿದೆ ನಿಜ, ಆದರೆ ಚಕ್ರದ ಗುಂಡಿ, ಎದ್ದ ಕಲ್ಲು ಬಹಳ. ವಾರಾಂತ್ಯದಲ್ಲಿ ಜೀಪುಗಳು ಒಂದರ ಹಿಂದೊಂದು ಬರುವುದರಿಂದ ವಾರದ ನಡುವಿನ ದಿನವೇ ವಾಸಿ.

ಇಳಿಯುವ ಕ್ರಮದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಭಯಕ್ಕೆ ಬೆನ್ನನ್ನು ಹಿಂದಕ್ಕೆ ವಾಲಿಸಿ, ಕಾಲನ್ನು ದೂರ ಚಾಚಿ ಹಿಮ್ಮಡಿ ಊರುವುದು. ಆಗ ಪ್ರತಿ ಹೆಜ್ಜೆಯೂ ಬ್ರೇಕ್ ಹೊಡೆದಂತೆ, ಮಂಡಿಗೂ ಏಟು, ಹಿಮ್ಮಡಿ ಜಾರುವುದೂ ಸುಲಭ. ಹೆಜ್ಜೆ ಚಿಕ್ಕದಾಗಿ, ಪಾದ ಸೊಂಟದ ನೇರ ಕೆಳಗೆ ಬೀಳಲಿ. ನಿಮಿಷಕ್ಕೆ 170–180 ಹೆಜ್ಜೆ ಒಳ್ಳೆಯ ಗುರಿ. ಮೈ ಇಳಿಜಾರಿನ ಕಡೆಗೆ ತುಸುವೇ ಬಾಗಿರಲಿ, ತೋಳು ಅಗಲವಾಗಿರಲಿ, ಕಣ್ಣು ಮೂರು ನಾಲ್ಕು ಮೀಟರ್ ಮುಂದಿರಲಿ. ಕಾಲ ಬುಡವನ್ನೇ ನೋಡುತ್ತಿದ್ದರೆ ಮುಂದಿನ ಹೆಜ್ಜೆ ಯಾವಾಗಲೂ ತಡ.

ಮಲೆನಾಡಿನ ನೆಲವೂ ತಿಂಗಳಿಗೊಂದು ರೀತಿ. ಅಕ್ಟೋಬರ್–ನವೆಂಬರಿನಲ್ಲಿ ಕೆಸರು, ಹಾವಸೆ, ಇಂಬಳ (ಜಿಗಣೆ). ಜನವರಿಗೆ ಎಲ್ಲ ಒಣಗಿ ಸುಲಭವಾಯಿತು ಅನ್ನಿಸುತ್ತದೆ. ಆದರೆ ಗಟ್ಟಿಯಾದ ಮಣ್ಣಿನ ಮೇಲೆ ಉರುಟು ಜಲ್ಲಿ ಹರಡಿ, ಅದರ ಮೇಲೆ ಒಣಹುಲ್ಲು ಮಲಗಿದ ಕಡಿದಾದ ದಾರಿ ಕೆಸರಿಗಿಂತ ಹೆಚ್ಚು ಜಾರುತ್ತದೆ, ಗೋಲಿಗಳ ಮೇಲೆ ಕಾಲಿಟ್ಟ ಹಾಗೆ. ಅಂಥಲ್ಲಿ ಓಡದೆ ಪಾದ ಅಡ್ಡವಾಗಿಟ್ಟು ನಡೆಯಿರಿ. ಜಾರುತ್ತದೆಂದು ಪಕ್ಕದ ಹುಲ್ಲಿಗಿಳಿಯುವುದು, ತಿರುವು ತಪ್ಪಿಸಿ ಅಡ್ಡ ಇಳಿಯುವುದು ದಯವಿಟ್ಟು ಬೇಡ. ಈ ಬೆಟ್ಟಗಳಲ್ಲಿ ಮಣ್ಣನ್ನು ಹಿಡಿದಿರುವುದೇ ಹುಲ್ಲಿನ ಬೇರು. ತುಳಿದು ಹುಲ್ಲು ಹೋದ ಗೆರೆಯಲ್ಲಿ ಮುಂದಿನ ಮಳೆಗಾಲದ ನೀರು ಹರಿದು ಕೊರಕಲಾಗುತ್ತದೆ, ಒಂದಿದ್ದ ಕಾಲುದಾರಿ ಮೂರಾಗುತ್ತದೆ.

ಶೂ ತಳದ ಹಲ್ಲು 4–5 ಮಿ.ಮೀ. ಇರಲಿ, ಬೆರಳ ಮುಂದೆ ಹೆಬ್ಬೆರಳಿನಗಲ ಜಾಗವಿರಲಿ. ಇಳಿಯುವಾಗ ಪಾದ ಮುಂದೆ ನುಗ್ಗಿ ಉಗುರು ಕಪ್ಪಾಗುತ್ತದೆ. ಲೇಸನ್ನು ಕೊನೆಯ ತೂತಿನಲ್ಲಿ ಕುಣಿಕೆ ಮಾಡಿ ಬಿಗಿದರೆ ಹಿಮ್ಮಡಿ ಅಲುಗುವುದಿಲ್ಲ. ಹತ್ತಿಯ ಕಾಲುಚೀಲ ಒದ್ದೆಯಾದರೆ ಒಣಗದೆ ಬೊಬ್ಬೆ ಬರಿಸುತ್ತದೆ, ಸಿಂಥೆಟಿಕ್ ಅಥವಾ ಉಣ್ಣೆಯದು ಒಳ್ಳೆಯದು.

ಹುಲ್ಲುಬೆಟ್ಟದಲ್ಲಿ ಬೆಳಗಿನ ಮಂಜು ಕರಗಿದರೆ ನೆರಳೇ ಇಲ್ಲ. ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು. ಬರೀ ನೀರನ್ನೇ ಹೊಟ್ಟೆ ಉಬ್ಬುವಷ್ಟು ಕುಡಿದರೆ ರಕ್ತದ ಸೋಡಿಯಂ ಇಳಿದು ವಾಂತಿ, ಮಂಕು ಬರುತ್ತದೆ. ಲೀಟರ್ ನೀರಿಗೆ ಆರು ಸಮತಟ್ಟು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಚಮಚ ಅಂದರೆ ಟೀ ಚಮಚ. ತಿನ್ನಲು ಬಾಳೆಹಣ್ಣು, ಶೇಂಗಾ ಚಿಕ್ಕಿ ಇರಲಿ. ಚಿಕ್ಕಿಯ ಪ್ಲಾಸ್ಟಿಕ್ ಹೊದಿಕೆಯನ್ನು ಮನೆಯಲ್ಲೇ ಬಿಚ್ಚಿ ಡಬ್ಬಿಗೆ ಹಾಕಿಕೊಂಡು ಬನ್ನಿ.

ಇಂಬಳ ಹತ್ತಿದರೆ ಉಪ್ಪು ಸುರಿದು, ಬೆಂಕಿ ತಾಗಿಸಿ ಬಿಡಿಸಬೇಡಿ, ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಗಂಟೆಗಟ್ಟಲೆ ಒಸರಬಹುದು, ತೊಳೆದು ಒತ್ತಿಕಟ್ಟಿದರೆ ಸಾಕು.

ನಿಜವಾಗಿ ಅಂಜಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಮರಿ ಉಣುಗುಗಳ ಕಾಟ ಡಿಸೆಂಬರಿನಿಂದ ಮೇವರೆಗೆ ಜೋರು. ಓಟಕ್ಕೆ ಒಳ್ಳೆಯದೆನಿಸುವ ಚಳಿಗಾಲದ ದಿನಗಳೂ ಅದರೊಳಗೇ ಬರುತ್ತವೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬೇಡಿ. ಸತ್ತ ಮಂಗ ಕಣ್ಣಿಗೆ ಬಿದ್ದರೆ ಹತ್ತಿರ ಸುಳಿಯದೆ ಹತ್ತಿರದ ಆಸ್ಪತ್ರೆಗೋ ಅರಣ್ಯ ಸಿಬ್ಬಂದಿಗೋ ತಿಳಿಸಿ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ಸಿಕ್ಕಿಸಿ, ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಹಂಚುವ ಡೀಪಾ ತೈಲವನ್ನು ಹೇಳಿದ ಪ್ರಮಾಣದಲ್ಲಿ ಕೈಕಾಲಿಗೆ ಹಚ್ಚಿ. ತರಗೆಲೆಯ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂಬದಿ ನೋಡಿಕೊಳ್ಳಿ.

ಈ ಕಾಯಿಲೆಯ ಲಕ್ಷಣ ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಶುರುವಾಗುತ್ತದೆ: ದಿಢೀರ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು. ಓಟಗಾರ ಅದನ್ನು ತೊಡೆನೋವಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಿರುವ ಅಪಾಯವಿದೆ. ಇಳಿಜಾರಿನ ನೋವಿಗೆ ಜ್ವರವಿರುವುದಿಲ್ಲ, ಮೂರು ನಾಲ್ಕು ದಿನದಲ್ಲಿ ಇಳಿಯುತ್ತಾ ಹೋಗುತ್ತದೆ. ಜ್ವರವಿದ್ದರೆ, ಇಲ್ಲವೇ ನೋವು ಮೂರನೇ ದಿನದ ಮೇಲೆ ಹೊಸದಾಗಿ ಏರಿದರೆ ಮನೆಮದ್ದು, ನೋವಿನ ಮಾತ್ರೆ ಎಂದು ಕಾಯದೆ ಆಸ್ಪತ್ರೆಗೆ ಹೋಗಿ, ಯಾವ ತಾರೀಕು ಯಾವ ಕಾಡಿನಲ್ಲಿ ಓಡಿದ್ದೆ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.