ಮಾವನ ಲ್ಯಾಪ್‌ಟಾಪಿಗೆ ದುಡ್ಡು ಕೊಟ್ಟು ಆಂಟಿವೈರಸ್ ಬೇಕಾ?

ಉಡುಪಿ ಸಂತೆಕಟ್ಟೆಯ ಮಾವನ ಮನೆಗೆ ಹೋದಾಗ ಚಾ ಕೊಡುವ ಮೊದ್ಲೇ ಅವರು ಲ್ಯಾಪ್‌ಟಾಪ್ ತಂದಿಟ್ರು. ಆಂಟಿವೈರಸ್ ಮುಗೀತು ಅಂತ ದಿನಾ ಕೆಂಪು ಅಕ್ಷರದಲ್ಲಿ ಬರ್ತಾ ಉಂಟು, ರಿನ್ಯೂ ಮಾಡುದಾ ಬೇಡ್ವಾ ಹೇಳು ಅಂದ್ರು. ನಾನು ಬೇಡ ಅಂದೆ. ಅವರಿಗೆ ನಂಬಿಕೆ ಬರ್ಲಿಲ್ಲ, ಯಾಕಂದ್ರೆ ಹದಿನೈದು ವರ್ಷ ಹಿಂದೆ ಅದನ್ನು ಹಾಕಿಸಿಯೇ ಆಗ್ಬೇಕು ಅಂತ ಹಠ ಹಿಡಿದದ್ದು ನಾನೇ.

ಆಗ ಅದು ಸರಿಯೇ ಇತ್ತು. ಮಂಗಳೂರು ಹಂಪನಕಟ್ಟೆಯ ಯಾವುದಾದ್ರೂ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ಪ್ರಿಂಟ್ ತೆಗೆಸಿ ಮನೆಗೆ ಬಂದು ಪೆನ್‌ಡ್ರೈವ್ ಹಾಕಿದ್ರೆ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗಿರ್ತಿತ್ತು. ವಿಂಡೋಸಿನಲ್ಲಿ ಆಟೋರನ್ ಅಂತ ಇತ್ತಲ್ವಾ, ಡ್ರೈವ್ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಒಳಗೆ ಅಡಗಿದ್ದ ಪ್ರೋಗ್ರಾಮೇ ಓಡ್ತಿತ್ತು, 2008ರಲ್ಲಿ ಶುರುವಾದ ಕಾನ್‌ಫಿಕರ್ ಅನ್ನುವ ವೈರಸ್ ಹರಡಿದ್ದರಲ್ಲಿ ಅದರದ್ದೂ ಪಾಲುಂಟು. 2011ರಲ್ಲಿ ಮೈಕ್ರೋಸಾಫ್ಟ್ ಹಳೇ ವಿಂಡೋಸಿಗೂ ಅಪ್‌ಡೇಟ್ ಕೊಟ್ಟು ಪೆನ್‌ಡ್ರೈವಿಗೆ ಆ ದಾರಿ ಮುಚ್ಚಿತು. ಮರುವರ್ಷ ಬಂದ ವಿಂಡೋಸ್ 8ರಿಂದ ಡಿಫೆಂಡರ್ ಅನ್ನುವ ಪೂರ್ತಿ ಆಂಟಿವೈರಸ್ ವಿಂಡೋಸ್ ಜೊತೆಗೇ ಬರ್ತದೆ.

ಅದು ಮಾಡುದೆಂತ ಅಂದ್ರೆ, ಫೈಲ್ ತೆರೆಯುವಾಗ ಗೊತ್ತಿರುವ ವೈರಸ್‌ಗಳ ಗುರುತಿಗೆ ಹೋಲಿಸ್ತದೆ, ಪ್ರೋಗ್ರಾಮಿನ ನಡತೆ ನೋಡ್ತದೆ, ಸಂಶಯ ಬಂದ್ರೆ ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟಿನ ಸರ್ವರನ್ನೇ ಕೇಳ್ತದೆ. ದುಡ್ಡು ಕೊಟ್ಟು ತರುವುದೂ ಮುಖ್ಯವಾಗಿ ಇದೇ ಕೆಲಸ ಮಾಡುದು, ಅದನ್ನು ಹಾಕಿದ ಕೂಡ್ಲೇ ಡಿಫೆಂಡರ್ ಬದಿಗೆ ಸರೀತದೆ. ಮಕ್ಕಳ ಮೇಲೆ ಕಣ್ಣಿಡ್ಲಿಕ್ಕೆ, ಇಂಟರ್ನೆಟ್ ಓಡಾಟ ಮುಚ್ಚಿಡುವ ವಿಪಿಎನ್‌ಗೆ ಬೇಕಂದ್ರೆ ತಗೊಳ್ಳಿ, ಬರೀ ವೈರಸ್ ಹೆದರಿಕೆಗೆ ಬೇಡ.

ಅಪ್‌ಡೇಟ್ ಮಾತ್ರ ಬೇಕೇ ಬೇಕು. 2017ರ ಮೇ 12ರಂದು ವನ್ನಾಕ್ರೈ ಅನ್ನುವ ವೈರಸ್ ಜಗತ್ತಿನ ಲಕ್ಷಾಂತರ ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ 300 ಡಾಲರ್ ಕೇಳಿತು, ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಾಗಿತ್ತು. ಎರಡು ತಿಂಗಳು ಮೊದ್ಲೇ! ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹಾಗಾಗಿ ಇನ್ನೂ ಅದರಲ್ಲೇ ಇರುವವರು 11ಕ್ಕೆ ಹೋಗಿ, ಇಲ್ಲವಾದ್ರೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗಾದ್ರೂ ಸೇರಿ.

ನನಗೆ ನಿಜವಾಗಿ ಹೆದರಿಕೆ ಆದದ್ದು ಮಾವನ ಮಗನ ಕಂಪ್ಯೂಟರ್ ನೋಡಿ. ಕ್ರ್ಯಾಕ್ ಮಾಡಿದ ಗೇಮ್ ಹಾಕ್ಲಿಕ್ಕೆ ಅದು ಹೇಳಿದ ಹಾಗೆ ಡಿಫೆಂಡರನ್ನೇ ಆಫ್ ಮಾಡಿದ್ದ. ಬಾಗಿಲು ಒಳಗಿನಿಂದಲೇ ತೆರೆದುಕೊಟ್ರೆ ಯಾವ ಆಂಟಿವೈರಸ್ ಎಂತ ಮಾಡ್ಲಿಕ್ಕುಂಟು? ಮದುವೆ ಕಾಗದ ಅಂತ ವಾಟ್ಸಾಪಲ್ಲಿ ಬರುವ, ಫೋನಿಗೆ ಆ್ಯಪ್ ಹಾಕುವ ಎಪಿಕೆ ಫೈಲೂ ಹಾಗೇ. ಬ್ಯಾಂಕಿಂದ ಅಂತ ಫೋನ್ ಮಾಡಿ ಸ್ಕ್ರೀನ್ ಶೇರ್ ಆ್ಯಪ್ ಹಾಕಿಸುವವರ ವಿಷಯದಲ್ಲಂತೂ ಆ ಆ್ಯಪ್ ವೈರಸ್ಸೇ ಅಲ್ಲ, ಮತ್ತೆ ಹಿಡಿಯುದು ಹೇಗೆ? ದುಡ್ಡು ಹೋದ್ರೆ ನಾಚಿಕೆ ಪಡದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರಿನ್ಯೂ ದುಡ್ಡಿಗೆ ಇನ್ನಷ್ಟು ಸೇರಿಸಿ ಮಾವನಿಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರಿಸಿದೆವು. ಮಗಳ ಮದುವೆ ಫೋಟೋ, ಜಾಗದ ಕಾಗದದ ಸ್ಕ್ಯಾನ್ ಎಲ್ಲ ಕಾಪಿ ಮಾಡಿ ವಯರ್ ತೆಗೆದೆ. ಸಿಕ್ಕಿಸಿಯೇ ಇಟ್ರೆ ವನ್ನಾಕ್ರೈ ಹಾಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕ್ತದೆ ಅಂತ ಹೇಳಿದ್ದಕ್ಕೆ ಅತ್ತೆ ಅದನ್ನು ತಗೊಂಡು ಹೋಗಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ರು.